ಬೆಂಕಿಯಲ್ಲಿ ಬರೆದ ಹೆಸರುಗಳು

ನಿಮ್ಮ ಧರ್ಮಕೇಂದ್ರದ ಹಬ್ಬದ ಸಂಜೆಯೊಂದನ್ನು ನೆನಪಿಗೆ ತಂದುಕೊಳ್ಳಿ. ತೇರು ಬೀದಿಗಳನ್ನು ಸುತ್ತಿ ದೇವಾಲಯದ ಅಂಗಳಕ್ಕೆ ಮರಳಿದೆ. ಪರಮಪ್ರಸಾದದ ಆಶೀರ್ವಾದವೂ ಮುಗಿದಿದೆ. ಅಂಗಳದ ಆಚೆ ಬದಿಯಲ್ಲಿ, ಎರಡು ಕಂಬಗಳ ನಡುವೆ, ಬಿದಿರಿನ ಚೌಕಟ್ಟೊಂದು ನಿಂತಿದೆ. ದೀಪಗಳನ್ನು ಆರಿಸಿರೆಂದು ಯಾರೋ ಕೂಗುತ್ತಾರೆ. ಕತ್ತಲಿನಲ್ಲಿ ಒಬ್ಬನು ಚೌಕಟ್ಟಿನ ಮೂಲೆಗೆ ಬೆಂಕಿ ತಾಗಿಸುತ್ತಾನೆ. ಸರ್ರನೆ ಒಂದು ಸದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಕಿಯ ಅಕ್ಷರಗಳು ಕತ್ತಲಿನಲ್ಲಿ ಎದ್ದು ನಿಲ್ಲುತ್ತವೆ. ಒಂದು ನಿಮಿಷ ಉರಿದು ಆರಿಹೋಗುತ್ತವೆ.

ನಾನು ಐದನೆಯ ತರಗತಿಯಲ್ಲಿದ್ದಾಗ ನಮ್ಮೂರಿನ ಹಬ್ಬದಲ್ಲಿ ಇಂತಹದೊಂದನ್ನು ಮೊದಲ ಬಾರಿಗೆ ಕಂಡೆ. "ನಮೋ ಮರಿಯಾ" ಎಂದು ಮೂಡಬೇಕಾಗಿತ್ತು. "ನಮೋ ಮರಿ" ಎಂಬಲ್ಲಿಗೆ ಬೆಂಕಿ ನಿಂತುಬಿಟ್ಟಿತು. ನಾವು ಹುಡುಗರು ಕುರಿಮರಿ, ಮೇಕೆಮರಿ ಎಂದು ಬಿದ್ದು ಬಿದ್ದು ನಕ್ಕೆವು. ಮೂರು ದಿನ ಕುಳಿತು ಅದನ್ನು ಕಟ್ಟಿದ್ದ ಮುದುಕನು ಕಂಬದ ಹಿಂದೆ ಮುಖ ಮರೆಸಿಕೊಂಡು ನಿಂತಿದ್ದನು. ಆಗ ನಮ್ಮ ವೃದ್ಧ ಗುರುಗಳು ಮೆಟ್ಟಿಲ ಮೇಲಿನಿಂದ, "ಉಳಿದ ಅಕ್ಷರವನ್ನು ನೀವು ಹೇಳಿ" ಎಂದರು. ಅಂಗಳವೆಲ್ಲ "ಯಾ" ಎಂದಿತು. ಅಲ್ಲಿಂದಲೇ ಜನರು "ವರಪ್ರಸಾದ ಪೂರ್ಣಳೇ" ಎಂದು ಪ್ರಾರ್ಥನೆಯನ್ನು ಮುಂದುವರಿಸಿದರು. ಬಾಣಬಿರುಸಿನ ಚರಿತ್ರೆಯನ್ನು ಓದುವ ಹವ್ಯಾಸ ನನಗೆ ಹತ್ತಿದ್ದು ಆ ರಾತ್ರಿಯಿಂದಲೇ ಇರಬೇಕು.

ಅಕ್ಷರಗಳು ಉರಿಯುವ ಬಗೆಯನ್ನು ಮೊದಲು ನೋಡೋಣ. ಚೌಕಟ್ಟಿನ ಮೇಲೆ ಅಕ್ಷರದ ಆಕಾರಕ್ಕೆ ತೆಳುವಾದ ರೀಪುಗಳನ್ನೋ ಬಿದಿರಿನ ದಬ್ಬೆಗಳನ್ನೋ ಬಡಿಯುತ್ತಾರೆ. ಅವುಗಳ ಮೇಲೆ ಸುಮಾರು ನಾಲ್ಕು ಅಂಗುಲಕ್ಕೆ ಒಂದರಂತೆ ಸಣ್ಣ ಮೊಳೆಗಳು. ಪ್ರತಿ ಮೊಳೆಗೂ ಅಂಟು ಹಚ್ಚಿ ಒಂದೊಂದು ಕಾಗದದ ಕೊಳವೆಯನ್ನು ನಿಲ್ಲಿಸುತ್ತಾರೆ. ಈ ಕೊಳವೆ ಕಿರುಬೆರಳಿಗಿಂತ ಸಣ್ಣದು. ಮೂರು ನಾಲ್ಕು ಅಂಗುಲ ಉದ್ದ. ಅದರೊಳಗಿನ ಮದ್ದು ಸಿಡಿಯುವುದಿಲ್ಲ, ಹಾರುವುದಿಲ್ಲ. ನಿಂತಲ್ಲೇ ನಿಂತು ಒಂದು ನಿಮಿಷದಷ್ಟು ಕಾಲ ಬಣ್ಣದ ಜ್ವಾಲೆಯಾಗಿ ಉರಿಯುತ್ತದೆ. ಇಂಗ್ಲಿಷಿನಲ್ಲಿ ಈ ಕೊಳವೆಗೆ ಲ್ಯಾನ್ಸ್ ಎಂದು, ಅಂದರೆ ಈಟಿಯೆಂದು ಹೆಸರು. ನಾಲ್ಕಡಿ ಎತ್ತರದ ಒಂದು ರೋಮನ್ 'ಎಚ್' ಅಕ್ಷರಕ್ಕೆ ಸುಮಾರು ಮೂವತ್ತು ಈಟಿಗಳು ಬೇಕು. ಆರು ಅಕ್ಷರಗಳ ಒಂದು ಪದಕ್ಕೆ ನೂರೈವತ್ತನ್ನು ಮೀರುತ್ತದೆ.

ಇಷ್ಟೊಂದು ಕೊಳವೆಗಳು ಒಟ್ಟಿಗೆ ಹೊತ್ತಿಕೊಳ್ಳಬೇಕು. ಒಂದರ ನಂತರ ಒಂದು ಹೊತ್ತಿಕೊಂಡರೆ, ಕೊನೆಯ ಅಕ್ಷರ ಮೂಡುವ ಹೊತ್ತಿಗೆ ಮೊದಲ ಅಕ್ಷರ ಆರಿಹೋಗಿರುತ್ತದೆ. ಮದ್ದು ಸವರಿದ ನೂಲಿನ ಬತ್ತಿಯನ್ನು ಬಯಲಿನಲ್ಲಿ ಹಚ್ಚಿದರೆ ಅದು ಇರುವೆಯಂತೆ ತೆವಳುತ್ತದೆ. ಅದೇ ಬತ್ತಿಯನ್ನು ಸಡಿಲವಾದ ಕಾಗದದ ನಾಳದೊಳಗೆ ಇಟ್ಟರೆ ಬಿಸಿ ಅನಿಲ ಹೊರಹೋಗಲಾರದೆ ಮುಂದಕ್ಕೆ ನುಗ್ಗುತ್ತದೆ, ಜ್ವಾಲೆಯನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಒಂದು ಸೆಕೆಂಡಿಗೆ ಹಲವು ಮೀಟರುಗಳಷ್ಟು ವೇಗ. ಈ ನಾಳವು ಕೊಳವೆಯಿಂದ ಕೊಳವೆಗೆ ಹಾಯುತ್ತದೆ. ಪ್ರತಿ ಕೊಳವೆಯ ತಲೆಯ ಮೇಲೆ ಅದಕ್ಕೊಂದು ತೂತು. ನಾಳ ಒಂದೆಡೆ ಹರಿದರೂ, ಮಂಜಿನಲ್ಲಿ ಒಂದೆಡೆ ತೇವಗೊಂಡರೂ, ಅಲ್ಲಿಂದ ಮುಂದಿನದೆಲ್ಲ ಕತ್ತಲೆ. ನಮ್ಮೂರಿನ ಮುದುಕನಿಗೆ ಆದದ್ದು ಅದೇ.

ಇನ್ನು ಚರಿತ್ರೆಗೆ ಬರೋಣ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮದ್ದು ಚೀನಾದಲ್ಲಿ ಹುಟ್ಟಿತು. ಯುರೋಪಿನಲ್ಲಿ ಅದು ಯುದ್ಧದಿಂದ ಹಬ್ಬಕ್ಕೆ ಬಂದ ದಾರಿಯಲ್ಲಿ ನಮ್ಮ ಧರ್ಮಸಭೆಯ ಪಾತ್ರ ಸಣ್ಣದಲ್ಲ. ಇಟಲಿಯ ಸಿಯೆನಾ ನಗರದ ವನ್ನೋಚ್ಚೊ ಬಿರಿಂಗುಚ್ಚೊ ಎಂಬ ಲೋಹತಜ್ಞನ 'ಪಿರೋತೆಕ್ನಿಯಾ' ಎಂಬ ಗ್ರಂಥವು ಆತನ ಮರಣಾನಂತರ 1540ರಲ್ಲಿ ವೆನಿಸ್ ನಗರದಲ್ಲಿ ಪ್ರಕಟವಾಯಿತು. ಫ್ಲಾರೆನ್ಸ್ ಮತ್ತು ಸಿಯೆನಾಗಳಲ್ಲಿ ಸಂತ ಸ್ನಾನಿಕ ಯೊವಾನ್ನರ ಹಬ್ಬದಂದು ಮತ್ತು ಮಾತೆಯ ಸ್ವರ್ಗಸ್ವೀಕಾರದ ಹಬ್ಬದಂದು ಬೆಂಕಿಯ ಪ್ರದರ್ಶನಗಳು ನಡೆಯುತ್ತಿದ್ದುದನ್ನು ಅದರಲ್ಲಿ ಕಾಣಬಹುದು. ರೋಮಿನ ಸಂತ ಆಂಜೆಲೊ ಕೋಟೆಯ ಮೇಲಿನ 'ಜಿರಾಂದೊಲ' ಪ್ರದರ್ಶನವು 1481ರಲ್ಲಿ, ಪೋಪ್ ನಾಲ್ಕನೆಯ ಸಿಕ್ಸ್ತುಸ್ ಅವರ ಕಾಲದಲ್ಲಿ ಆರಂಭವಾಯಿತೆಂದು ಹೇಳಲಾಗುತ್ತದೆ. ಪಾಸ್ಖ ಹಬ್ಬಕ್ಕೆ, ಸಂತ ಪೇತ್ರ ಪೌಲರ ಹಬ್ಬಕ್ಕೆ, ಹೊಸ ಪೋಪರ ಪಟ್ಟಾಭಿಷೇಕಕ್ಕೆ ಆ ಕೋಟೆಯ ನೆತ್ತಿಯಿಂದ ಬೆಂಕಿಯ ಮಳೆ ಸುರಿಯುತ್ತಿತ್ತು. ಇಂಗ್ಲೆಂಡಿನ ಕಾದಂಬರಿಕಾರ ಡಿಕನ್ಸ್ 1845ರ ಪಾಸ್ಖದಲ್ಲಿ ಅದನ್ನು ನೋಡಿ ಬೆರಗಾಗಿ ಬರೆದಿದ್ದಾನೆ.

ಕನ್ನಡನಾಡೇನೂ ಹಿಂದೆ ಇರಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ಬಾಣಬಿರುಸುಗಳನ್ನು ಉಲ್ಲೇಖಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಅದೇ ಹಬ್ಬವನ್ನು ಕಂಡ ಪೋರ್ಚುಗೀಸನಾದ ದೊಮಿಂಗೊ ಪಾಯೆಸ್ ಇನ್ನೂ ಒಂದು ವಿಷಯವನ್ನು ಹೇಳುತ್ತಾನೆ: ಉರಿಯುತ್ತ ತಮ್ಮೊಳಗಿನಿಂದ ಬಾಣಗಳನ್ನೂ ಸಿಡಿಗಳನ್ನೂ ಎಸೆಯುವ ಕೋಟೆಗಳು! ಆಕಾರವನ್ನು ಮೊದಲು ಕಟ್ಟಿ ನಿಲ್ಲಿಸಿ, ಬಳಿಕ ಅದಕ್ಕೆ ಬೆಂಕಿ ಕೊಡುವ ಕಲೆ ಹಂಪೆಯವರಿಗೆ ತಿಳಿದಿತ್ತೆಂದಾಯಿತು. ವಿದ್ವಾಂಸರಾದ ಪಿ. ಕೆ. ಗೋಡೆಯವರು ಭಾರತದ ಬಾಣಬಿರುಸುಗಳ ಚರಿತ್ರೆಯನ್ನು ಶೋಧಿಸಿ ಬರೆದ ಪುಸ್ತಿಕೆ 1953ರಲ್ಲಿ ಬೆಂಗಳೂರಿನಿಂದಲೇ ಹೊರಬಂದಿತು. ಆಸಕ್ತರು ಹಳೆಯ ಗ್ರಂಥಾಲಯಗಳಲ್ಲಿ ಹುಡುಕಬಹುದು.

ಒಬ್ಬ ಯೇಸುಸಭೆಯ ಗುರುವನ್ನೂ ಇಲ್ಲಿ ನೆನೆಯಬೇಕು. ಫ್ರಾನ್ಸಿನ ಪಿಯೆರ್ ದಾಂಕಾರ್ವಿಲ್ (1706-1757) ಬೀಜಿಂಗಿನಲ್ಲಿ ಸೇವೆ ಸಲ್ಲಿಸಿದವರು; ಸಸ್ಯಶಾಸ್ತ್ರಜ್ಞರು. ಚೀನೀಯರ ಬಾಣಬಿರುಸಿನಲ್ಲಿ ಅರಳುವ ಕಿಡಿಯ ಹೂವುಗಳ ಗುಟ್ಟೇನೆಂದು ಅವರು ವಿಚಾರಿಸಿದರು. ಒಡೆದುಹೋದ ಹಳೆಯ ಎರಕದ ಕಬ್ಬಿಣದ ಪಾತ್ರೆಗಳನ್ನು ಕುಟ್ಟಿ ಮಾಡಿದ ಪುಡಿಯೇ ಆ ಗುಟ್ಟು. ಅವರ ಲೇಖನವನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ಅವರು ತೀರಿಕೊಂಡ ಮೇಲೆ, 1763ರಲ್ಲಿ, ಪ್ರಕಟಿಸಿತು. ಒಂದು ತೂತುಬಿದ್ದ ಬಾಣಲೆ ರಾಜನ ಮುಂದೆ ಹೂವಾಗಿ ಅರಳುವುದನ್ನು ಯೋಚಿಸಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಅರಸರಿಗೆ ಬೆಂಕಿಯ ಅಕ್ಷರಗಳ ಮೇಲೆ ಮೋಹ ಹೆಚ್ಚು. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ 1749ರ ಏಪ್ರಿಲ್ 27ರಂದು ಶಾಂತಿ ಒಪ್ಪಂದವೊಂದರ ಸಂಭ್ರಮಾಚರಣೆ ನಡೆಯಿತು. ಸುಮಾರು 410 ಅಡಿ ಉದ್ದ, 114 ಅಡಿ ಎತ್ತರದ ಮರದ ಮಂಟಪವನ್ನು ಕಟ್ಟಿದರು. ಸಂಗೀತವನ್ನು ಹ್ಯಾಂಡಲ್ ರಚಿಸಿದನು. ಮಂಟಪದ ನೆತ್ತಿಯ ಸೂರ್ಯನ ನಡುವೆ ಲತೀನಿನಲ್ಲಿ 'ವಿವಾತ್ ರೆಕ್ಸ್', ಅಂದರೆ 'ಅರಸನು ಬಾಳಲಿ' ಎಂಬ ಬರಹ. ಆದರೆ ನಡುವೆ ಮಂಟಪದ ಒಂದು ಪಾರ್ಶ್ವಕ್ಕೇ ಬೆಂಕಿ ಹತ್ತಿತು. ಅದನ್ನು ವಿನ್ಯಾಸಗೊಳಿಸಿದ್ದ ಸೆರ್ವಂದೋನಿ ಕೋಪದಿಂದ ಅಧಿಕಾರಿಯೊಬ್ಬನ ಮೇಲೆ ಖಡ್ಗ ಹಿರಿದು ಬಂಧಿತನಾದನು. ಮರುದಿನ ಕ್ಷಮೆ ಕೇಳಿ ಬಿಡುಗಡೆಯಾದನು. ಶಾಂತಿಯ ಉತ್ಸವದಲ್ಲಿ ಖಡ್ಗ!

ಅಲ್ಲಿಯವರೆಗೂ ಬೆಂಕಿಗೆ ಹೆಚ್ಚು ಬಣ್ಣಗಳಿರಲಿಲ್ಲ; ಹೊಂಬಣ್ಣ, ಬಿಳಿ, ಕಿಡಿಯ ಕೆಂಪು ಅಷ್ಟೆ. 1780ರ ದಶಕದಲ್ಲಿ ಫ್ರಾನ್ಸಿನ ಬೆರ್ತೊಲೆ ಪೊಟ್ಯಾಸಿಯಂ ಕ್ಲೋರೇಟನ್ನು ತಯಾರಿಸಿದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ ನಿಜವಾದ ಬಣ್ಣಗಳು ಬಂದವು. ಸ್ಟ್ರಾಂಷಿಯಂ ಕೆಂಪನ್ನು, ಬೇರಿಯಂ ಹಸಿರನ್ನು, ಸೋಡಿಯಂ ಹಳದಿಯನ್ನು, ತಾಮ್ರ ನೀಲಿಯನ್ನು ಕೊಟ್ಟವು. ಮಾತೆಯ ಬಣ್ಣವೆಂದು ನಾವು ಪ್ರೀತಿಸುವ ನೀಲಿಯೇ ಎಲ್ಲಕ್ಕಿಂತ ಕಷ್ಟದ್ದು. ಈ ಬಣ್ಣಗಳ ಬಲದಿಂದಲೇ 1865ರಿಂದ ಲಂಡನ್ನಿನ ಸ್ಫಟಿಕದ ಅರಮನೆಯಲ್ಲಿ ಬ್ರಾಕ್ ಮನೆತನದವರು ನೂರಾರು ಅಡಿ ಉದ್ದದ ಚೌಕಟ್ಟುಗಳ ಮೇಲೆ ನೌಕಾಯುದ್ಧಗಳನ್ನೂ ಗಣ್ಯರ ಮುಖಚಿತ್ರಗಳನ್ನೂ ಉರಿಸಿ ತೋರಿಸಿದರು.

ಆದರೆ ಬಣ್ಣದೊಡನೆ ಸಾವೂ ಬಂದಿತು. ಕ್ಲೋರೇಟು ಮತ್ತು ಗಂಧಕ ಬೆರೆತರೆ ಬರಿಯ ಉಜ್ಜುವಿಕೆಗೇ ಹೊತ್ತಿಕೊಳ್ಳಬಹುದು. ಬ್ರಿಟನ್ನಿನಲ್ಲಿ ಈ ಮಿಶ್ರಣವನ್ನು 1894ರಲ್ಲಿ ನಿಷೇಧಿಸಿದರು. ನಮ್ಮ ದೇಶದಲ್ಲಿ ನಿಷೇಧ ಬಂದದ್ದು 1992ರಲ್ಲಿ. ನಡುವಿನ ಆ ಸುಮಾರು ನೂರು ವರ್ಷಗಳ ಬಗೆಗೆ ನಾನೇನು ಹೇಳಲಿ? 2018ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಪಟಾಕಿಗಳಲ್ಲಿ ಬೇರಿಯಂ ಲವಣಗಳನ್ನೂ ಬಳಸಕೂಡದೆಂದಿತು.

ಈಗ ನಮ್ಮನ್ನು ನೋಯಿಸುವ ಒಂದು ಪುಟವನ್ನು ತೆರೆಯಬೇಕಾಗಿದೆ. ಇಂಗ್ಲೆಂಡಿನಲ್ಲಿ ಮನೆಯ ಹಿತ್ತಲಿನಲ್ಲಿ ಪಟಾಕಿ ಹಚ್ಚುವ ವಾಡಿಕೆಯ ಬೇರು ಹಬ್ಬದಲ್ಲಿಲ್ಲ, ಹಗೆಯಲ್ಲಿದೆ. 1605ರ ನವೆಂಬರ್ 5ರಂದು ಸಂಸತ್ತನ್ನೇ ಸಿಡಿಸಲು ಕೆಲವು ಕಥೋಲಿಕರು ಸಂಚು ಹೂಡಿದ್ದರು. 36 ಪೀಪಾಯಿ ಮದ್ದಿನೊಡನೆ ಗೈ ಫಾಕ್ಸ್ ಸಿಕ್ಕಿಬಿದ್ದನು. ಮರುವರ್ಷವೇ ಆ ದಿನದ ಕೃತಜ್ಞತಾ ಆಚರಣೆಯನ್ನು ಕಾಯಿದೆಯಿಂದ ಕಡ್ಡಾಯಗೊಳಿಸಿದರು. 1859ರವರೆಗೆ ಆ ಕಾಯಿದೆ ಉಳಿಯಿತು. ಪೋಪರ ಪ್ರತಿಕೃತಿಗಳನ್ನು ಸುಟ್ಟರು. ಸಸೆಕ್ಸ್ ಪ್ರಾಂತ್ಯದ ಲೂಯಿಸ್ ಪಟ್ಟಣದಲ್ಲಿ 'ಪೋಪಗಿರಿ ಬೇಡ' ಎಂಬರ್ಥದ ಫಲಕವನ್ನು ಬೀದಿಗೆ ಅಡ್ಡವಾಗಿ ಕಟ್ಟುತ್ತಿದ್ದುದುಂಟು. ಗುರುಮಠದಲ್ಲಿ ಓದುವಾಗ ಇದನ್ನು ತಿಳಿದು ನಾನು ಕೆರಳಿದ್ದೆ. ಆದರೆ ಅದೇ ಪಟ್ಟಣದ ಮೆರವಣಿಗೆಯಲ್ಲಿ ಉರಿಯುವ 17 ಶಿಲುಬೆಗಳನ್ನೂ ಹೊರುತ್ತಾರೆ. ಅವು 1555ರಿಂದ 1557ರ ನಡುವೆ, ಕಥೋಲಿಕಳಾದ ಮೇರಿ ರಾಣಿಯ ಆಳ್ವಿಕೆಯಲ್ಲಿ, ಅಲ್ಲಿ ಜೀವಂತವಾಗಿ ಸುಡಲ್ಪಟ್ಟ 17 ಪ್ರೊಟೆಸ್ಟೆಂಟರ ನೆನಪು. ಆಕೆಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹೀಗೆ ಸತ್ತವರು ಸುಮಾರು 280 ಮಂದಿ. ಮೊದಲ ಬೆಂಕಿಯನ್ನು ಹಚ್ಚಿದವರು ನಾವೇ. ಇದನ್ನು ಮುಚ್ಚಿಟ್ಟು ಬರೀ ಆ ಫಲಕದ ಮೇಲೆ ಸಿಟ್ಟಾಗುವುದು ನ್ಯಾಯವಲ್ಲವೆಂದು ನನಗೆ ಆಮೇಲೆ ತೋರಿತು.

ಇಂದು ಅಲ್ಲಿನ ಬಹುಪಾಲು ಮಕ್ಕಳಿಗೆ ನವೆಂಬರ್ ಐದು ಬರಿಯ ಸುರುಸುರುಬತ್ತಿಯ ರಾತ್ರಿ. ಹಿತ್ತಲಿನಲ್ಲಿ ಮಗುವಿನ ಹೆಸರನ್ನೋ ಅಜ್ಜಿಯ ವಯಸ್ಸನ್ನೋ ಚೌಕಟ್ಟಿಗೆ ಕಟ್ಟಿ ಉರಿಸುವವರಿದ್ದಾರೆ.

ನಮ್ಮ ಹಿತ್ತಲಿನ ಮಾತೇನು? ಪರವಾನಗಿಯಿಲ್ಲದೆ ಮದ್ದು ಅರೆಯುವುದು, ತುಂಬುವುದು 1884ರ ಸ್ಫೋಟಕ ಕಾಯಿದೆಯಂತೆ ಅಪರಾಧ. ಕಾಯಿದೆಯನ್ನು ಬದಿಗಿಟ್ಟರೂ ಸತ್ತವರನ್ನು ಬದಿಗಿಡಲಾಗದು. ನಮ್ಮವರಂತೆಯೇ ಸಂತರ ಹಬ್ಬಕ್ಕೆಂದು ಮದ್ದು ತಯಾರಿಸುವ ಮಾಲ್ಟಾ ದೇಶದಲ್ಲಿ, ಗೋಜೊ ದ್ವೀಪದ ಆರ್ಬ್ ಎಂಬ ಹಳ್ಳಿಯಲ್ಲಿ, 2010ರ ಸೆಪ್ಟೆಂಬರ್ 5ರಂದು ಆರು ಮಂದಿ ತೀರಿಹೋದರು. ಕೇರಳದ ಪುಟ್ಟಿಂಗಲ್ ದೇವಾಲಯದಲ್ಲಿ 2016ರ ಏಪ್ರಿಲ್ 10ರಂದು ನೂರಕ್ಕೂ ಹೆಚ್ಚು ಜನ. 2023ರ ಅಕ್ಟೋಬರ್ 7ರಂದು ನಮ್ಮ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಸುಟ್ಟುಹೋದವರಲ್ಲಿ ಹಲವರು ಹಬ್ಬದ ದಿನಗಳ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯರು. ಸಂತರ ಹೆಸರಿಗೆ ಬೆಂಕಿಯ ಅಲಂಕಾರ ಬೇಕೆಂದು ಹಬ್ಬದ ಸಮಿತಿಯವರು ನನ್ನ ಬಳಿ ಬಂದಾಗಲೆಲ್ಲ ಆ ಎಳೆಯರು ನನಗೆ ನೆನಪಾಗುತ್ತಾರೆ. ಸರಿಯಾದ ಪರವಾನಗಿಯುಳ್ಳವರಿಂದ ಮಾಡಿಸುವುದಾದರೆ ಮಾಡಿಸಿ ಎನ್ನುತ್ತೇನೆ. ಹುಡುಗರ ಕೈಯಲ್ಲಿ ಮದ್ದು ತುಂಬಿಸಲು ಮಾತ್ರ ಒಪ್ಪುವುದಿಲ್ಲ. ನಿಷ್ಠುರನೆಂದು ಕೆಲವರು ಬೇಸರಪಟ್ಟಿದ್ದೂ ಉಂಟು.

ಕಳೆದ ಬಾರಿ ನಮ್ಮಲ್ಲಿ ಮದ್ದಿಲ್ಲದ ಚೌಕಟ್ಟನ್ನು ಕಟ್ಟಿದೆವು. ದಬ್ಬೆಗಳ ಮೇಲೆ ತಂತಿಯ ಬಳೆಗಳು, ಬಳೆಗಳಲ್ಲಿ ಎಣ್ಣೆಯ ಹಣತೆಗಳು. ಆಗ ತಿಳಿಯಿತು ಕನ್ನಡ ಲಿಪಿಯ ಪರಿ. ರೋಮನ್ ಅಕ್ಷರಗಳಲ್ಲಿ ನೇರ ಗೆರೆಗಳೇ ಹೆಚ್ಚು. ರೀಪು ಬಡಿದರೆ ಮುಗಿಯಿತು. ನಮ್ಮ ಅಕ್ಷರಗಳೋ ಎಲ್ಲವೂ ದುಂಡು. ಬೆತ್ತವನ್ನು ನೀರಿನಲ್ಲಿ ನೆನೆಸಿ ಬಗ್ಗಿಸಬೇಕಾಯಿತು. ಒತ್ತಕ್ಷರಗಳಿಗೆ ಕೆಳಗೆ ಇನ್ನೊಂದಡಿ ಜಾಗ ಬೇಕು. ಆದ್ದರಿಂದ ಒತ್ತಿಲ್ಲದ ಪದವನ್ನೇ ಆರಿಸಬೇಕು. 'ನಮೋ ಮರಿಯಾ' ಎಂಬುದರಲ್ಲಿ ಒಂದೂ ಒತ್ತಿಲ್ಲ! ನಮ್ಮೂರಿನ ಮುದುಕನು ಯೋಚಿಸಿಯೇ ಆರಿಸಿದ್ದನೆಂದು ನನಗೆ ಹೊಳೆದದ್ದು ಇಷ್ಟು ವರ್ಷಗಳ ಮೇಲೆ.

ಇನ್ನೂರು ಹಣತೆಗಳನ್ನು ಹಚ್ಚಲು ಹನ್ನೆರಡು ಮಂದಿಗೆ ಹತ್ತು ನಿಮಿಷ ಹಿಡಿಯಿತು. ಸರ್ರನೆಯ ಸದ್ದಿಲ್ಲ, ಬೆರಗಿಲ್ಲ. ಗಾಳಿಗೆ ಆರಿದವನ್ನು ಮತ್ತೆ ಮತ್ತೆ ಹಚ್ಚುತ್ತಿದ್ದರು. ಚೌಕಟ್ಟಿನ ಹಿಂದೆ ಕುಳಿತಿದ್ದ ಮಕ್ಕಳು ಹೆಸರನ್ನು ಹಿಂದುಮುಂದಾಗಿ ಓದುತ್ತಿದ್ದರು. ನಿಜ ಹೇಳಬೇಕೆಂದರೆ, ಮದ್ದಿನ ಆ ಒಂದು ನಿಮಿಷದ ಸೊಗಸು ಇದಕ್ಕೆ ಬರಲಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಲು ಹೊರಬಂದಾಗ 'ರಿ' ಮತ್ತು 'ಯಾ' ಇನ್ನೂ ಉರಿಯುತ್ತಿದ್ದವು. ಊರಿನ ಹಿರಿಯರಿಬ್ಬರು ಅವುಗಳ ಎದುರು ಕುಳಿತು ಬೀಡಿ ಸೇದುತ್ತ ಮಳೆಯ ವಿಷಯ ಮಾತನಾಡುತ್ತಿದ್ದರು.