‘ಮಾತಿನ ಜೀನ್’: ಒಂದು ಹೆಸರಿನ ಚರಿತ್ರೆ

ಲಂಡನ್ನಿನ ಒಂದು ಕುಟುಂಬವನ್ನು ಸಂಶೋಧನಾ ಲೇಖನಗಳು ‘ಕೆ.ಇ.’ ಎಂಬ ಎರಡಕ್ಷರದಿಂದಷ್ಟೇ ಗುರುತಿಸುತ್ತವೆ. ಅದರ ಮೂರು ತಲೆಮಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮಾತು ಕಷ್ಟ. ಕಿವಿ ಚೆನ್ನಾಗಿ ಕೇಳುತ್ತದೆ. ಆದರೆ ನಾಲಿಗೆ, ತುಟಿಗಳು ಒಂದರ ಬೆನ್ನಿಗೊಂದು ಬರಬೇಕಾದ ಚಲನೆಗಳನ್ನು ಜೋಡಿಸಿಕೊಳ್ಳಲಾರವು. ಇದು ವಂಶವಾಹಿ ತೊಂದರೆಯೆಂದು ಜೇನ್ ಹರ್ಸ್ಟ್ ಮತ್ತು ಸಂಗಡಿಗರು 1990ರಲ್ಲಿ ವರದಿ ಮಾಡಿದರು.

ಅದೇ ವರ್ಷ ಕೆನಡಾದ ಭಾಷಾವಿಜ್ಞಾನಿ ಮೈರ್ನಾ ಗೋಪ್ನಿಕ್ ‘ನೇಚರ್’ ಪತ್ರಿಕೆಗೆ ಬರೆದು, ಇವರಿಗೆ ಕೈಕೊಟ್ಟಿರುವುದು ವ್ಯಾಕರಣ ಎಂದರು: ಭೂತಕಾಲ, ಬಹುವಚನದಂಥ ರೂಪಗಳು. ಸುದ್ದಿಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ‘ವ್ಯಾಕರಣದ ಜೀನ್’ ಹುಟ್ಟಿಕೊಂಡಿತು. (ನಿಜವಾದ ಜೀನ್ ಆಗಿನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ!) ಫರಾನೆ ವರ್ಘಾ-ಖಾದೆಮ್ ಅವರ ತಂಡ 1995ರಲ್ಲಿ ತೋರಿಸಿದ್ದು ಬೇರೆಯೇ ಚಿತ್ರ. ತೊಂದರೆ ವ್ಯಾಕರಣಕ್ಕೆ ಸೀಮಿತವಲ್ಲ, ಬಾಯಿ–ಮುಖದ ಚಲನೆಯಲ್ಲೂ ಇದೆ. ವ್ಯಾಕರಣದ ವಾದ ಸಡಿಲವಾಯಿತು, ಆದರೆ ಹೆಸರಿನ ಮೋಹ ಹೋಗಲಿಲ್ಲ.

ಜೀನ್ ಸಿಕ್ಕಿದ್ದು 2001ರಲ್ಲಿ, ಆಕ್ಸ್‌ಫರ್ಡಿನ ಸಿಸಿಲಿಯಾ ಲೈ, ಸೈಮನ್ ಫಿಶರ್, ಆಂಥನಿ ಮೊನಾಕೊ ಮುಂತಾದವರಿಗೆ. ಕುಟುಂಬಕ್ಕೆ ಸಂಬಂಧವೇ ಇಲ್ಲದ, ಅದೇ ಬಗೆಯ ತೊಂದರೆಯಿದ್ದ ಒಬ್ಬ ಹುಡುಗನ 7ನೇ ವರ್ಣತಂತು ತುಂಡಾಗಿದ್ದ ಜಾಗ ಅವರಿಗೆ ದಾರಿ ತೋರಿತು. ಜೀನಿನ ಹೆಸರು ಫಾಕ್ಸ್‌ಪಿ2. ಇದು ತಯಾರಿಸುವ ಪ್ರೋಟೀನು ಒಂದು ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್. ಅಂದರೆ ಡಿಎನ್‌ಎಗೆ ಅಂಟಿಕೊಂಡು, ಬೇರೆ ಜೀನ್‌ಗಳು ಯಾವಾಗ, ಎಷ್ಟು ಕೆಲಸ ಮಾಡಬೇಕೆಂದು ನಿಯಂತ್ರಿಸುವಂಥದ್ದು. ಕೆ.ಇ. ಕುಟುಂಬದಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಬದಲಾಗಿ, ಪ್ರೋಟೀನಿನ 553ನೇ ಸ್ಥಾನದಲ್ಲಿ ಅರ್ಜಿನೀನ್ ಬದಲು ಹಿಸ್ಟಿಡೀನ್ ಕೂತಿತ್ತು. ಅದೂ ಡಿಎನ್‌ಎಯನ್ನು ಹಿಡಿಯುವ ಭಾಗದಲ್ಲೇ. ತಂದೆ ಅಥವಾ ತಾಯಿಯಿಂದ ಬಂದ ಇನ್ನೊಂದು ಪ್ರತಿ ಸರಿಯಿದ್ದರೂ ಸಾಲದು.

ಮರುವರ್ಷವೇ ಲೈಪ್‌ಜಿಗ್‌ನ ಸ್ವಾಂಟೆ ಪಾಬೊ ಬಳಗ, ಚಿಂಪಾಂಜಿಯ ಪ್ರೋಟೀನಿಗೂ ನಮ್ಮದಕ್ಕೂ ಎರಡೇ ಅಮೈನೋ ಆಮ್ಲಗಳ ವ್ಯತ್ಯಾಸವೆಂದೂ, ಈ ಬದಲಾವಣೆ ಕಳೆದ 2 ಲಕ್ಷ ವರ್ಷಗಳೊಳಗೆ ಮನುಷ್ಯರಲ್ಲಿ ನೆಲೆಯೂರಿರಬಹುದೆಂದೂ ಹೇಳಿತು. ಮಾತು ಹುಟ್ಟಿದ ಕಾಲವೇ ಗೊತ್ತಾದಂತೆ ಜನ ಸಂಭ್ರಮಿಸಿದರು. ಆದರೆ 2007ರಲ್ಲಿ ನಿಯಾಂಡರ್ತಾಲರಲ್ಲೂ ಅದೇ ಎರಡು ಬದಲಾವಣೆಗಳು ಕಂಡವು. 2018ರಲ್ಲಿ ಹೆಚ್ಚು ವೈವಿಧ್ಯವುಳ್ಳ ಜನಸಮುದಾಯಗಳ ಜೀನೋಮ್ ನೋಡಿದಾಗ, ಅಂಥ ಇತ್ತೀಚಿನ ಆಯ್ಕೆಯ ಗುರುತೇ ಇರಲಿಲ್ಲ.

ಭಾಷೆಯ ವಿದ್ಯಾರ್ಥಿಯಾದ ನನಗೆ ಈ ಚರಿತ್ರೆಯಲ್ಲಿ ಕಾಡುವುದು ಆ ಕುಟುಂಬ. ತುಟಿ ತಿರುಗಿಸಲು ಹೆಣಗಿದವರನ್ನು ಎಷ್ಟು ಬೇಗ ‘ವ್ಯಾಕರಣವಿಲ್ಲದವರು’ ಎಂದುಬಿಟ್ಟೆವು! ಇತ್ತ ಫಾಕ್ಸ್‌ಪಿ2 ಇಲಿಯಲ್ಲೂ ಇದೆ, ಹಕ್ಕಿಯಲ್ಲೂ ಇದೆ. ಜೀಬ್ರಾ ಫಿಂಚ್ ಮರಿಯ ಮಿದುಳಿನ ಒಂದು ಭಾಗದಲ್ಲಿ ಅದರ ಪ್ರಮಾಣ ತಗ್ಗಿಸಿದರೆ, ಮರಿ ತನ್ನ ಗುರುವಿನ ಹಾಡನ್ನು ಅರೆಬರೆಯಾಗಿ ಕಲಿಯುತ್ತದೆ.