ಎರಡನೆಯವನ ಬಾಳು

ಚರಿತ್ರೆಯೆಂಬುದು ಗೆದ್ದವರ ಕಥೆಯೆಂಬ ಮಾತುಂಟು. ಗೆದ್ದವರ ನೆರಳಿನಲ್ಲಿ ಉಸಿರು ಹಿಡಿದು ನಿಂತವರ ಕಥೆಯೂ ತಿಳಿಯತಕ್ಕದ್ದೇ. ಗಣಕಯಂತ್ರದ ಮಿದುಳೆನಿಸಿದ ಚಿಪ್‌ಗಳ ವ್ಯಾಪಾರದಲ್ಲಿ ಅಮೆರಿಕದ ಎ.ಎಂ.ಡಿ. ಸಂಸ್ಥೆಯದು ಅಂತಹ ಕಥೆ.

ಫೇರ್‌ಚೈಲ್ಡ್ ಸಂಸ್ಥೆಯಿಂದ ಹೊರಬಂದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಇಂಟೆಲ್ ಕಟ್ಟಿದರು. ಅದೇ ಮನೆ ಬಿಟ್ಟು ಬಂದ ಜೆರಿ ಸ್ಯಾಂಡರ್ಸ್ ಏಳು ಮಂದಿ ಜೊತೆಗಾರರೊಡನೆ 1969ರ ಮೇ 1ರಂದು ಎ.ಎಂ.ಡಿ.ಯನ್ನು ಸ್ಥಾಪಿಸಿದರು. ಹೀಗೆ ಇವೆರಡೂ ಹುಟ್ಟಿನಿಂದಲೇ ದಾಯಾದಿಗಳು.

ಎ.ಎಂ.ಡಿ.ಯ ಮೊದಲ ಕಸುಬು, ಇತರರು ರೂಪಿಸಿದ ಚಿಪ್‌ಗಳನ್ನು ತಾನೂ ತಯಾರಿಸಿ ಒದಗಿಸುವುದು. ಒಬ್ಬನೇ ಮಾರಾಟಗಾರನನ್ನು ನಂಬಿ ಕೂರಲು ದೊಡ್ಡ ಗಿರಾಕಿಗಳು ಒಪ್ಪರು. ಐ.ಬಿ.ಎಂ.ನಂತಹ ಗಿರಾಕಿಗಾಗಿ ಇಂಟೆಲ್ 1982ರಲ್ಲಿ ಎ.ಎಂ.ಡಿ.ಯೊಡನೆ ಒಪ್ಪಂದ ಮಾಡಿಕೊಂಡಿತು. ಆದರೆ 1985ರಲ್ಲಿ 386 ಚಿಪ್ ಬಂದಾಗ, ಅದನ್ನು ತಾನೊಂದೇ ಮಾಡುವೆನೆಂದು ಇಂಟೆಲ್ ಬಾಗಿಲು ಹಾಕಿತು. ವ್ಯಾಜ್ಯವೆದ್ದಿತು. 1991ರಲ್ಲಿ ಎ.ಎಂ.ಡಿ. ತನ್ನದೇ 386 ಹೊರತರುವ ವೇಳೆಗೆ ಇಂಟೆಲ್‌ನ 486 ಮಾರುಕಟ್ಟೆಗೆ ಬಂದು ಎರಡು ವರ್ಷ ಕಳೆದಿತ್ತು. ಹೊಸತಾಗಿದ್ದಾಗ ಮಾತ್ರ ಒಳ್ಳೆಯ ಬೆಲೆ ತರುವ ಈ ಸರಕಿನಲ್ಲಿ, ತಡವಾಗಿ ಬಂದವನಿಗೆ ಸಿಕ್ಕುವುದು ತೆಳುವಾದ ಲಾಭವೇ ಸರಿ.

ಇನ್ನೊಬ್ಬರ ಅಚ್ಚಿನಲ್ಲಿ ಬೆಲ್ಲ ಹೊಯ್ದು ಬದುಕುವ ಕಾಲ ಮುಗಿದಿತ್ತು. 1996ರಲ್ಲಿ ನೆಕ್ಸ್‌ಜೆನ್ ಎಂಬ ಸಣ್ಣ ಸಂಸ್ಥೆಯನ್ನು ಕೊಂಡು, ಅದರ ವಿನ್ಯಾಸದಿಂದ ಮರುವರ್ಷ ಕೆ-6 ಹೊರತಂದಿತು. 1999ರಲ್ಲಿ ಆಥ್ಲಾನ್ ಬಂದಿತು. 2003ರಲ್ಲಂತೂ, ಹಳೆಯ ಕ್ರಮವಿಧಿಗಳನ್ನು ಕೈಬಿಡದೆಯೇ 64 ಬಿಟ್ ಲೆಕ್ಕಾಚಾರ ನಡೆಸುವ ಆಪ್ಟೆರಾನ್ ಚಿಪ್ಪನ್ನು ಮುಂದಿಟ್ಟಿತು. ಮರುವರ್ಷವೇ ಇಂಟೆಲ್ ಆ ದಾರಿ ಹಿಡಿಯಬೇಕಾಯಿತು. ನಕಲುಗಾರನನ್ನು ಮೂಲದವನೇ ಅನುಸರಿಸಿದ ಪ್ರಸಂಗವಿದು!

ಆದರೆ ಗೆಲುವು ನಿಲ್ಲಲಿಲ್ಲ. 2006ರಲ್ಲಿ ಸುಮಾರು 540 ಕೋಟಿ ಡಾಲರಿಗೆ ಎ.ಟಿ.ಐ. ಸಂಸ್ಥೆಯನ್ನು ಕೊಂಡು ಸಾಲ ತಲೆಗೇರಿತು. ಗಂಡಸಾದವನಿಗೆ ಸ್ವಂತ ಕಾರಖಾನೆಯಿರಬೇಕೆಂಬ ಅರ್ಥದ ಮಾತು ಸ್ಯಾಂಡರ್ಸರದೆಂದು ಪ್ರಸಿದ್ಧ. ಅವರ ಸಂಸ್ಥೆಯೇ 2009ರಲ್ಲಿ ಅಬುಧಾಬಿಯ ಹಣ ಪಡೆದು ಕಾರಖಾನೆಗಳನ್ನು ಗ್ಲೋಬಲ್‌ಫೌಂಡ್ರೀಸ್ ಎಂಬ ಬೇರೆ ಸಂಸ್ಥೆಗೆ ಬಿಟ್ಟುಕೊಟ್ಟಿತು. 2011ರ ಬುಲ್‌ಡೋಜರ್ ವಿನ್ಯಾಸ ನಿರೀಕ್ಷೆ ಹುಸಿಮಾಡಿತು. 2015ರಲ್ಲಿ ಷೇರಿನ ಬೆಲೆ ಎರಡು ಡಾಲರಿಗಿಂತ ಕೆಳಗಿಳಿದಿತ್ತು.

2014ರ ಅಕ್ಟೋಬರಿನಲ್ಲಿ ಚುಕ್ಕಾಣಿ ಹಿಡಿದ ಲೀಸಾ ಸೂ ಹೊಸ ವಿನ್ಯಾಸವೊಂದರ ಮೇಲೆ ನಂಬಿಕೆಯಿಟ್ಟರು. 2017ರಲ್ಲಿ ರೈಜನ್ ಬಂದಿತು. 2019ರಿಂದ ಮುಖ್ಯ ಚಿಪ್‌ಗಳು ತೈವಾನಿನ ಟಿ.ಎಸ್.ಎಂ.ಸಿ.ಯಲ್ಲಿ ತಯಾರಾಗತೊಡಗಿದವು. ಅತ್ತ ಇಂಟೆಲ್ ತನ್ನದೇ ಕಾರಖಾನೆಗಳ ಹೊಸ ತಯಾರಿಕಾ ವಿಧಾನದಲ್ಲಿ ವರ್ಷಗಟ್ಟಲೆ ತೊಡಕಿಕೊಂಡಿತ್ತು. ಒಂದು ಕಾಲದ ಬಲವೇ ಇನ್ನೊಂದು ಕಾಲದ ಭಾರವಾಯಿತು. 2022ರಲ್ಲಿ ಎ.ಎಂ.ಡಿ.ಯ ಮಾರುಕಟ್ಟೆ ಮೌಲ್ಯ ಇಂಟೆಲ್‌ನದನ್ನು ಮೀರಿತು. 2023ರ ನವೆಂಬರಿನಲ್ಲಿ ಅದು ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ನಮ್ಮ ಬೆಂಗಳೂರಿನಲ್ಲೇ ತೆರೆಯಿತು.

ಇದನ್ನು ಬರಿಯ ಜಯಗಾಥೆಯೆನ್ನಲಾಗದು. ಕೈಯಿಂದ ಮಾಡುವ ಕೆಲಸವನ್ನು ಪರರಿಗೊಪ್ಪಿಸಿ ಉಳಿದುಕೊಂಡ ಸಂಸ್ಥೆ, ಈಗ ತೈವಾನಿನ ಕಾರಖಾನೆಗಳನ್ನು ನೆಚ್ಚಿದೆ. ಒಬ್ಬನೇ ಮಾರಾಟಗಾರನನ್ನು ನಂಬಲಾಗದೆಂಬ ಗಿರಾಕಿಗಳ ಅಂಜಿಕೆಯಿಂದ ಬೆಳೆದವನಿಗೆ, ಆ ಅಂಜಿಕೆ ಇಂದು ತನ್ನದೇ ಆಗಿದೆ.