ಮ್ಯಾಟ್ರೆಸ್ ವಾರಂಟಿ ಕ್ಲೈಮ್ ತಿರಸ್ಕಾರವಾದರೆ ಏನು ಮಾಡಬೇಕು?



"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಅಮೆರಿಕಾದಲ್ಲಿ ಸಾವಿರಾರು ಡಾಲರ್ ಕೊಟ್ಟು ತಂದ ಹಾಸಿಗೆ ನಾಲ್ಕೇ ವರ್ಷಕ್ಕೆ ನಡುವೆ ಕುಸಿದರೆ? ಕಾಲು ಚಾಚುವುದಿರಲಿ, ಬೆಳಿಗ್ಗೆ ಎದ್ದಾಗ ಬೆನ್ನು ನೆಟ್ಟಗಾದರೆ ಸಾಕು ಎನ್ನುವಂತಾಗುತ್ತದೆ. ವಾರಂಟಿ ಪತ್ರದಲ್ಲಿ 10 ವರ್ಷ, 20 ವರ್ಷ ಎಂದು ದೊಡ್ಡಕ್ಷರದಲ್ಲಿ ಇರುತ್ತದೆ. ಕ್ಲೈಮ್ ಕಳಿಸಿದರೆ ಮಾತ್ರ "ಇದು ಸಹಜ ಸವೆತ, ವಾರಂಟಿಗೆ ಬರುವುದಿಲ್ಲ" ಎಂದು ಎರಡು ಸಾಲಿನ ಉತ್ತರ ಬರುತ್ತದೆ.

ನಮ್ಮವರಲ್ಲಿ ಅನೇಕರು ಅಲ್ಲಿಗೇ ಕೈಬಿಟ್ಟು ಹೊಸ ಹಾಸಿಗೆ ಕೊಳ್ಳುತ್ತಾರೆ. ಆದರೆ ಆ ಉತ್ತರ ಕೋರ್ಟಿನ ತೀರ್ಪಲ್ಲ, ವಾರಂಟಿ ಪತ್ರವನ್ನು ಕಂಪನಿ ತನ್ನ ಕಡೆಯಿಂದ ಓದಿದ ರೀತಿ ಅಷ್ಟೇ. ಅದೇ ಪತ್ರವನ್ನು ನಾವೂ ಓದಿ, ಪುರಾವೆ ಸಮೇತ ಉತ್ತರ ಕೊಡಬಹುದು. ಅಮೆರಿಕಾದಲ್ಲಿರುವ ಕುಟುಂಬಗಳಿಗಾಗಿ ಅದರ ವಿವರ ಇಲ್ಲಿದೆ.

ತಿರಸ್ಕಾರಕ್ಕೆ ಸಾಮಾನ್ಯ ಕಾರಣಗಳು

1. ತಗ್ಗಿನ ಆಳ ಸಾಲದು: ಹೆಚ್ಚಿನ ವಾರಂಟಿಗಳು ಇಂತಿಷ್ಟು ಆಳದ ತಗ್ಗನ್ನು ಮಾತ್ರ ದೋಷ ಎಂದು ಒಪ್ಪುತ್ತವೆ. ಸಾಮಾನ್ಯವಾಗಿ ಇದು 1 ಇಂಚು ಅಥವಾ 1.5 ಇಂಚು, ಕೆಲವು ಫೋಮ್ ಹಾಸಿಗೆಗಳಿಗೆ 0.75 ಇಂಚು. ಅದಕ್ಕಿಂತ ಕಡಿಮೆಯಿದ್ದರೆ "ಮೈ ಅಚ್ಚು", ಅಂದರೆ ಸಹಜ ಸವೆತ.

2. ಕಲೆ: ಮಗುವಿನ ಮೂತ್ರ, ಕಾಫಿ, ಎಣ್ಣೆ ಸ್ನಾನದ ದಿನದ ಕೊಬ್ಬರಿ ಎಣ್ಣೆ, ಯಾವ ಕಲೆಯಿದ್ದರೂ ವಾರಂಟಿ ರದ್ದು ಎಂಬ ಷರತ್ತು ಬಹಳ ಕಡೆ ಇರುತ್ತದೆ.

3. ಸರಿಯಾದ ಆಧಾರವಿಲ್ಲ: ಕ್ವೀನ್ ಮತ್ತು ಕಿಂಗ್ ಹಾಸಿಗೆಗಳಿಗೆ ಮಂಚದ ನಡುವೆ ನೆಲ ಮುಟ್ಟುವ ಕಾಲು ಬೇಕೆಂದು ಅನೇಕ ಕಂಪನಿಗಳು ಕೇಳುತ್ತವೆ. ಅಡಿಯ ಪಟ್ಟಿಗಳ ನಡುವಿನ ಅಂತರಕ್ಕೂ ಮಿತಿ ಇರಬಹುದು.

4. ರಸೀದಿ ಅಥವಾ ಲೇಬಲ್ ಇಲ್ಲ: ಹಾಸಿಗೆಯ ಬಿಳಿ ಚೀಟಿಯನ್ನು ಕೀಳಬಾರದೆಂಬ ಕಾನೂನು ಇರುವುದು ಮಾರುವವರಿಗೆ. ಗ್ರಾಹಕರು ಕಿತ್ತರೆ ಅಪರಾಧವಲ್ಲ. ಆದರೂ ವಾರಂಟಿಗಾಗಿ ಅದನ್ನು ಹಾಗೇ ಬಿಡುವುದು ಜಾಣತನ.

5. ನೀವು ಮೊದಲ ಖರೀದಿದಾರರಲ್ಲ: ಮೂವಿಂಗ್ ಸೇಲ್‌ನಲ್ಲಿ ಗೆಳೆಯರಿಂದ ಕೊಂಡ ಹಾಸಿಗೆಗೆ ಸಾಮಾನ್ಯವಾಗಿ ವಾರಂಟಿ ಮುಂದುವರಿಯುವುದಿಲ್ಲ.

ಯಾವ ಕಾರಣಕ್ಕೆ, ವಾರಂಟಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಎಂದು ಮೊದಲು ಬರವಣಿಗೆಯಲ್ಲಿ ಕೇಳಿ. ಕಾರಣ ಗೊತ್ತಾಗದೆ ವಾದ ಮಾಡಿದರೆ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಅಳತೆ ತೆಗೆಯುವ ಕ್ರಮ

ಹೆಚ್ಚಿನ ಜಗಳ ನಿಂತಿರುವುದೇ ಈ ಅಳತೆಯ ಮೇಲೆ. ಹೊದಿಕೆಗಳನ್ನೆಲ್ಲ ತೆಗೆಯಿರಿ. ಮೇಲೆ ಯಾರೂ ಕೂತಿರಬಾರದು, ಏಕೆಂದರೆ ಭಾರವಿಲ್ಲದಾಗಿನ ಆಳವನ್ನೇ ಕಂಪನಿಗಳು ಲೆಕ್ಕಕ್ಕೆ ಹಿಡಿಯುತ್ತವೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ, ಅಥವಾ ನೇರವಾದ ಉದ್ದನೆಯ ಕೋಲು ಇಡಿ. ದಾರದಿಂದ ತಗ್ಗಿನ ಅತಿ ಆಳದ ಜಾಗದವರೆಗೆ ಸ್ಕೇಲ್ ನಿಲ್ಲಿಸಿ. ಸ್ಕೇಲನ್ನು ಒತ್ತಬೇಡಿ. ಅಂಕಿ ಕಾಣುವಂತೆ ಹತ್ತಿರದಿಂದ ಒಂದು, ಇಡೀ ಹಾಸಿಗೆ ಕಾಣುವಂತೆ ದೂರದಿಂದ ಒಂದು ಫೋಟೋ ತೆಗೆಯಿರಿ. ಎರಡು ಮೂರು ಜಾಗಗಳಲ್ಲಿ, ಬೇರೆ ಬೇರೆ ದಿನ ಅಳೆದು ತಾರೀಖಿನೊಂದಿಗೆ ಬರೆದಿಡಿ.

ಮಂಚದ ಅಡಿಯ ಕಾಲು, ಪಟ್ಟಿಗಳು, ಲೇಬಲ್, ರಸೀದಿ ಇವುಗಳ ಫೋಟೋ ಕೂಡ ಬೇಕು. ಮಂಚವೇ ಬಾಗಿದೆಯೇ ಎಂದು ನೋಡಲು ಹಾಸಿಗೆಯನ್ನು ಸಮತಟ್ಟಾದ ನೆಲದ ಮೇಲೆ ಇಟ್ಟು ಇನ್ನೊಮ್ಮೆ ಅಳೆಯಿರಿ. ಅಲ್ಲಿಯೂ ತಗ್ಗು ಅಷ್ಟೇ ಇದ್ದರೆ ದೋಷ ಹಾಸಿಗೆಯದು ಎನ್ನಲು ಒಳ್ಳೆಯ ಪುರಾವೆ ಸಿಕ್ಕಂತಾಯಿತು.

ಕಾನೂನು ಏನು ಹೇಳುತ್ತದೆ?

ಅಮೆರಿಕಾದಲ್ಲಿ ಗ್ರಾಹಕ ವಸ್ತುಗಳ ಲಿಖಿತ ವಾರಂಟಿಗೆ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಅನ್ವಯಿಸುತ್ತದೆ. ನಮಗೆ ಬೇಕಾದ ಅಂಶಗಳು ನಾಲ್ಕು.

ಮೊದಲನೆಯದು, ವಾರಂಟಿ ಪತ್ರದಲ್ಲಿ "ಫುಲ್" ಅಥವಾ "ಲಿಮಿಟೆಡ್" ಎಂದು ಸ್ಪಷ್ಟವಾಗಿ ಹೇಳಿರಬೇಕು. ಹಾಸಿಗೆಗಳದ್ದು ಹೆಚ್ಚಾಗಿ ಲಿಮಿಟೆಡ್. ಎರಡನೆಯದು, 15 ಡಾಲರಿಗಿಂತ ಹೆಚ್ಚು ಬೆಲೆಯ ವಸ್ತುವಾದರೆ ಕೊಳ್ಳುವ ಮೊದಲೇ ವಾರಂಟಿಯನ್ನು ಓದುವ ಅವಕಾಶ ಗ್ರಾಹಕರಿಗೆ ಇರಬೇಕು.

ಮೂರನೆಯದು, "ನಮ್ಮ ಬ್ರ್ಯಾಂಡಿನ ಬಾಕ್ಸ್ ಸ್ಪ್ರಿಂಗನ್ನೇ ಬಳಸಬೇಕು, ಇಲ್ಲದಿದ್ದರೆ ವಾರಂಟಿ ಇಲ್ಲ" ಎನ್ನುವಂತಿಲ್ಲ. ಆ ವಸ್ತುವನ್ನು ಪುಕ್ಕಟೆ ಕೊಟ್ಟಿದ್ದರೆ ಅಥವಾ ಫೆಡರಲ್ ಟ್ರೇಡ್ ಕಮಿಷನ್ ವಿನಾಯಿತಿ ಕೊಟ್ಟಿದ್ದರೆ ಮಾತ್ರ ಹಾಗೆ ಹೇಳಬಹುದು. ಗಟ್ಟಿಯಾದ ಆಧಾರ ಇರಬೇಕು ಎಂದು ಕೇಳುವುದು ಬೇರೆ ಮಾತು, ಅದು ನ್ಯಾಯವೇ. ಇಂಥ ಷರತ್ತುಗಳ ಬಗ್ಗೆ ಕಮಿಷನ್ 2024ರ ಜುಲೈನಲ್ಲಿ ಬೇರೆ ಉದ್ಯಮಗಳ ಎಂಟು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು.

ನಾಲ್ಕನೆಯದು ಬಹಳ ಮುಖ್ಯ. ಮಾರಿದ ವಸ್ತು ಅದರ ಸಾಮಾನ್ಯ ಉಪಯೋಗಕ್ಕೆ ತಕ್ಕುದಾಗಿರಬೇಕು ಎಂಬುದು ರಾಜ್ಯಗಳ ಕಾನೂನಿನಲ್ಲಿರುವ "ಇಂಪ್ಲೈಡ್ ವಾರಂಟಿ". ಲಿಖಿತ ವಾರಂಟಿ ಕೊಟ್ಟ ಕಂಪನಿ ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಲಿಮಿಟೆಡ್ ವಾರಂಟಿಯಲ್ಲಿ ಅವಧಿಯನ್ನು ಮಾತ್ರ ಮಿತಿಗೊಳಿಸಬಹುದು.

ಕಲೆಯ ಷರತ್ತನ್ನು ಈ ಕಾಯ್ದೆ ನೇರವಾಗಿ ನಿಷೇಧಿಸಿಲ್ಲ. ಆದ್ದರಿಂದ ಅಲ್ಲಿ ಗೆಲ್ಲುವುದು ಕಷ್ಟ. ಆದರೂ ಕಲೆ ಮೂಲೆಯಲ್ಲಿದ್ದು ತಗ್ಗು ನಡುವೆ ಇದ್ದರೆ, ಒಂದಕ್ಕೊಂದು ಸಂಬಂಧವಿಲ್ಲವೆಂದು ಫೋಟೋ ಸಮೇತ ಬರೆಯಿರಿ. ಕಲೆಯನ್ನು ಮರೆಮಾಚಲು ಮಾತ್ರ ಹೋಗಬೇಡಿ. ಅದು ಗೊತ್ತಾದರೆ ನಿಮ್ಮ ಉಳಿದ ಪುರಾವೆಗೂ ಬೆಲೆ ಇರುವುದಿಲ್ಲ.

ಮೇಲ್ಮನವಿ ಪತ್ರ

ಫೋನಿನಲ್ಲಿ ಗಂಟೆಗಟ್ಟಲೆ ಕಾಯುವುದಕ್ಕಿಂತ ಒಂದು ಪುಟದ ಪತ್ರ ಮೇಲು. ಕೊಂಡ ತಾರೀಖು, ಮಾಡೆಲ್, ಬೆಲೆ, ಕ್ಲೈಮ್ ನಂಬರ್, ಅವರು ಹೇಳಿದ ಷರತ್ತು, ಅದಕ್ಕೆ ನಿಮ್ಮ ಅಳತೆಯ ಉತ್ತರ, ನಿಮಗೆ ಬೇಕಾದ ಪರಿಹಾರ (ರಿಪೇರಿ, ಬದಲಿ ಅಥವಾ ಹಣ) ಇಷ್ಟು ಸಾಕು. ಕೋಪದ ಮಾತು ಬೇಡ. ಉತ್ತರಕ್ಕೆ 14 ದಿನ ಅಥವಾ 30 ದಿನದ ಗಡುವು ಕೊಡಿ. ಸರ್ಟಿಫೈಡ್ ಮೇಲ್‌ನಲ್ಲಿ, ರಿಟರ್ನ್ ರಿಸೀಟ್ ಸಹಿತ, ತಯಾರಕರಿಗೂ ಅಂಗಡಿಗೂ ಕಳಿಸಿ. ಇನ್‌ಸ್ಪೆಕ್ಟರ್ ಬಂದು ಅಳೆದಿದ್ದರೆ ಅವರ ವರದಿಯ ಪ್ರತಿ ಕೇಳಿ.

ಅದಕ್ಕೂ ಜಗ್ಗದಿದ್ದರೆ

* ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಕೊಡಿ. ಫೆಡರಲ್ ಟ್ರೇಡ್ ಕಮಿಷನ್‌ಗೂ ದೂರು ಕೊಡಬಹುದು. ಆದರೆ ಅದು ಒಬ್ಬೊಬ್ಬರ ವ್ಯಾಜ್ಯವನ್ನು ಬಗೆಹರಿಸುವುದಿಲ್ಲ.

* ವಾರಂಟಿಯಲ್ಲಿ ಮಧ್ಯಸ್ಥಿಕೆಯ ಷರತ್ತು ಇದೆಯೇ ಎಂದು ನೋಡಿ. ಇದ್ದರೂ ಸ್ಮಾಲ್ ಕ್ಲೈಮ್ಸ್ ಕೋರ್ಟಿಗೆ ಹೋಗಲು ಅವಕಾಶ ಬಿಟ್ಟಿರುವ ಪತ್ರಗಳು ಅನೇಕ.

* ಸ್ಮಾಲ್ ಕ್ಲೈಮ್ಸ್ ಕೋರ್ಟಿಗೆ ವಕೀಲರು ಬೇಕಿಲ್ಲ. ಮಿತಿ ಟೆಕ್ಸಸ್‌ನಲ್ಲಿ 20,000 ಡಾಲರ್, ಕ್ಯಾಲಿಫೋರ್ನಿಯಾದಲ್ಲಿ ವ್ಯಕ್ತಿಗಳಿಗೆ 12,500, ನ್ಯೂಯಾರ್ಕ್ ನಗರದಲ್ಲಿ 10,000, ನ್ಯೂಜೆರ್ಸಿಯಲ್ಲಿ 5,000. ಹಾಸಿಗೆಯ ಬೆಲೆ ಸಾಮಾನ್ಯವಾಗಿ ಇದರೊಳಗೇ ಇರುತ್ತದೆ.

ಕೋರ್ಟು ಎಂದರೆ ವೀಸಾಕ್ಕೆ ತೊಂದರೆಯಾದೀತೇ ಎಂಬ ಅಳುಕು ನಮ್ಮವರಿಗೆ ಸಹಜ. ಇದು ಸಿವಿಲ್ ವ್ಯಾಜ್ಯ, ಅಪರಾಧ ಪ್ರಕರಣವಲ್ಲ. ದಾವೆ ಹಾಕಲು ಅಮೆರಿಕಾದ ಪೌರರಾಗಿರಬೇಕಿಲ್ಲ. ಆದರೆ ಕಾಲಮಿತಿ ಇದೆ. ಅನೇಕ ರಾಜ್ಯಗಳಲ್ಲಿ ಅದು ಹಾಸಿಗೆ ಮನೆಗೆ ಬಂದ ದಿನದಿಂದ ಸಾಮಾನ್ಯವಾಗಿ 4 ವರ್ಷ. 20 ವರ್ಷದ ವಾರಂಟಿ ಇದೆಯಲ್ಲ, ಊರಿಗೆ ಹೋಗಿ ಬಂದು ನೋಡೋಣ ಎಂದು ಮುಂದೂಡಬೇಡಿ.

ಹೊಸದಾಗಿ ಕೊಳ್ಳುವವರಿಗೆ

ಮೊದಲ ದಿನದಿಂದಲೇ ನೀರು ಇಳಿಯದ ಪ್ರೊಟೆಕ್ಟರ್ ಹಾಕಿ. ರಸೀದಿ, ವಾರಂಟಿ, ಲೇಬಲ್ ಇವುಗಳ ಫೋಟೋ ಇಮೇಲ್‌ನಲ್ಲಿ ಇಟ್ಟುಕೊಳ್ಳಿ. "20 ವರ್ಷ" ಎಂದರೆ ಪೂರ್ತಿ 20 ವರ್ಷ ಪುಕ್ಕಟೆ ಬದಲಿ ಎಂದು ತಿಳಿಯಬೇಡಿ. ಕೆಲವು ವರ್ಷಗಳ ನಂತರ ಬೆಲೆಯ ಒಂದು ಪಾಲನ್ನು ನೀವೇ ಕೊಡಬೇಕಾಗಬಹುದು, ಸಾಗಣೆ ವೆಚ್ಚವೂ ನಿಮ್ಮದೇ ಆಗಬಹುದು. ಬದಲಿ ಹಾಸಿಗೆ ಬಂದರೂ ವಾರಂಟಿಯ ಲೆಕ್ಕ ಹೆಚ್ಚಾಗಿ ಹಳೆಯ ಖರೀದಿ ದಿನದಿಂದಲೇ. "ಮೆತ್ತಗಾಯಿತು, ಹಿತವಾಗಿಲ್ಲ" ಎಂಬ ದೂರಿಗೆ ವಾರಂಟಿ ಒದಗುವುದಿಲ್ಲ. ಅದಕ್ಕಿರುವುದು ಮೊದಲ ಕೆಲವು ವಾರಗಳ ಟ್ರಯಲ್ ಅವಧಿ.

ಊರಿಂದ ಬರುವ ಅಪ್ಪ ಅಮ್ಮ ಆರು ತಿಂಗಳು ಮಲಗುವುದೂ ಇದೇ ಹಾಸಿಗೆಗಳ ಮೇಲೆ. ಕುಸಿದ ಹಾಸಿಗೆಯನ್ನು ಅತಿಥಿಗಳ ಕೋಣೆಗೆ ಸಾಗಿಸುವ ಮೊದಲು ಒಂದು ದಾರ, ಒಂದು ಸ್ಕೇಲ್ ಹಿಡಿದು ಅಳೆದು ನೋಡಿ. ನ್ಯಾಯವಾಗಿ ಬರಬೇಕಾದ ಹಣವನ್ನು ಕೇಳುವುದರಲ್ಲಿ ಸಂಕೋಚವೇನು?

ಸೂಚನೆ: ಇದು ಸಾಮಾನ್ಯ ಮಾಹಿತಿ ಮಾತ್ರ, ಕಾನೂನು ಸಲಹೆಯಲ್ಲ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ, ನಿಮ್ಮ ರಾಜ್ಯದ ನಿಯಮಗಳನ್ನು ವಿಚಾರಿಸಿ ಮುಂದುವರಿಯಿರಿ.